ಹಾಲಿಗೆ ದಿನಕ್ಕೆರಡು ಪರೀಕ್ಷೆ, ನೀರಿಗೆ ಎಷ್ಟು?

ನಮ್ಮ ಡೇರಿಗಳಲ್ಲಿ ಹಾಲಿಗೆ ಬೆಳಿಗ್ಗೆ ಒಂದು ಪರೀಕ್ಷೆ, ಸಂಜೆ ಒಂದು ಪರೀಕ್ಷೆ. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಪರೀಕ್ಷಕರ ಜೊತೆ ನಾವೇ ವಾದಕ್ಕೆ ನಿಲ್ಲುತ್ತೇವೆ, ಇನ್ನೊಂದು ಸಲ ನೋಡಿ ಅನ್ನುತ್ತೇವೆ. ಸರಿಯೇ, ನಮ್ಮ ಬಟವಾಡೆ ಅದರ ಮೇಲೆ ನಿಂತಿದೆ. ಆದರೆ ಆ ಹಾಲು ಕೊಟ್ಟ ಸೀಮೆಹಸು ದಿನಕ್ಕೆ 60ರಿಂದ 100 ಲೀಟರ್ ನೀರು ಕುಡಿಯುತ್ತದಲ್ಲ, ಆ ನೀರಿನ ಪರೀಕ್ಷಾ ವರದಿ ಎಷ್ಟು ಮನೆಗಳಲ್ಲಿದೆ? ಅದೇ ಕೊಳವೆಬಾವಿಯ ನೀರನ್ನೇ ನಾವೂ ಮಕ್ಕಳೂ ಕುಡಿಯುತ್ತೇವೆ. ಬೋರ್ ಕೊರೆಸಿದಾಗ ಎಷ್ಟು ಅಡಿ, ಎಷ್ಟು ಇಂಚು ನೀರು ಎಂದು ಊರಿಗೆಲ್ಲ ಹೇಳುತ್ತೇವೆ. ನೀರಿನೊಳಗೆ ಏನಿದೆ ಎಂಬ ಮಾತು ಬರುವುದೇ ಇಲ್ಲ.

ಪರೀಕ್ಷೆ ಮಾಡಿಸಬೇಕು, ಒಂದು ಸಲ ಮಾಡಿಸಿ ಸುಮ್ಮನಾಗಬಾರದು, ವರದಿ ನಮ್ಮ ಕೈಯಲ್ಲೇ ಇರಬೇಕು. ಈ ಮೂರು ಮಾತು ಹೇಳುವುದಕ್ಕೆ ನಾನು ಬಹಳ ದೂರದ ಊರೊಂದರ ಕಥೆ ತೆಗೆದುಕೊಳ್ಳುತ್ತಿದ್ದೇನೆ. ಅದು ಅಮೆರಿಕದ ವಯೋಮಿಂಗ್ ರಾಜ್ಯದ ರಿವರ್ಟನ್. ಅಲ್ಲಿ ನೀರು ಕೆಟ್ಟದ್ದನ್ನು ವರ್ಷಗಟ್ಟಲೆ ಅಳೆದು ಬರೆದಿಟ್ಟಿದ್ದಾರೆ. ನಮಗೆ ಇನ್ನೂ ಸಿಗದ ಉತ್ತರಗಳು ಆ ಲೆಕ್ಕದಲ್ಲಿವೆ.

ರಿವರ್ಟನ್ ಪಟ್ಟಣದ ಹೊರವಲಯದಲ್ಲಿ, ಎರಡು ನದಿಗಳ ನಡುವಿನ ತಗ್ಗು ನೆಲದಲ್ಲಿ, 1958ರಿಂದ 1963ರವರೆಗೆ ಯುರೇನಿಯಂ ಸಂಸ್ಕರಣಾ ಘಟಕವೊಂದು ನಡೆಯಿತು. ಕೇವಲ ಐದು ವರ್ಷ. ಸುತ್ತಲಿನದು ಈಸ್ಟರ್ನ್ ಶೋಶೋನಿ ಮತ್ತು ನಾರ್ದರ್ನ್ ಅರಾಪಾಹೋ ಎಂಬ ಮೂಲನಿವಾಸಿ ಬುಡಕಟ್ಟುಗಳ ನೆಲ. ಸಂಸ್ಕರಣೆ ಎಂದರೆ ಅದಿರನ್ನು ಹಿಟ್ಟಿನಂತೆ ಅರೆದು, ಆಮ್ಲದಲ್ಲಿ ನೆನೆಸಿ, ಕರಗಿಬಂದ ಯುರೇನಿಯಂ ಅನ್ನು ಬೇರ್ಪಡಿಸುವುದು. ಒಂದು ಟನ್ ಅದಿರಿನಿಂದ ಸಿಗುವುದು ಸಾಮಾನ್ಯವಾಗಿ ಒಂದೆರಡು ಕೆ.ಜಿ. ಉಳಿದದ್ದೆಲ್ಲ ಆಮ್ಲ ಕುಡಿದ ಮರಳಿನ ರಾಶಿ. ಅದಿರಿನ ವಿಕಿರಣದ ಬಹುಪಾಲು ಆ ರಾಶಿಯಲ್ಲೇ ಉಳಿಯುತ್ತದೆ. ಕೆ.ಜಿ.ಎಫ್. ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ, ಗಾಳಿ ಬೀಸಿದರೆ ದೂಳು ಮನೆಯೊಳಕ್ಕೇ ಬರುತ್ತದೆ. ಅದು ಚಿನ್ನದ ಕಸ, ರಿವರ್ಟನ್‌ನದು ಯುರೇನಿಯಂ ಕಸ. ತೆಗೆದುಕೊಂಡವರು ಹೋದ ಮೇಲೆ ಉಳಿದದ್ದರ ಜೊತೆ ಊರಿನವರು ಬದುಕುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಇಂಥ ಹಳೆಯ ಘಟಕಗಳ ಕಸವನ್ನು ಸರ್ಕಾರವೇ ಶುದ್ಧಿ ಮಾಡಬೇಕೆಂದು ಅಮೆರಿಕದಲ್ಲಿ 1978ರಲ್ಲಿ ಕಾನೂನು ಬಂತು. ಅದರಂತೆ 1980ರ ದಶಕದ ಕೊನೆಗೆ ರಿವರ್ಟನ್‌ನ ರಾಶಿಯನ್ನು ಲಾರಿಗಳಲ್ಲಿ ತುಂಬಿ ದೂರದ ಗ್ಯಾಸ್ ಹಿಲ್ಸ್ ಎಂಬ ಕಡೆಗೆ ಸಾಗಿಸಿದರು. ರಾಶಿ ಹೋಯಿತು. ಅದರಿಂದ ಅಷ್ಟು ವರ್ಷ ಬಸಿದು ಕೆಳಗಿಳಿದದ್ದು ಹೋಗಲಿಲ್ಲ. ಮೇಲ್ಪದರದ ಅಂತರ್ಜಲದಲ್ಲಿ ಯುರೇನಿಯಂ, ಮಾಲಿಬ್ಡಿನಂ, ಸಲ್ಫೇಟ್ ಸೇರಿಕೊಂಡು ಲಿಟಲ್ ವಿಂಡ್ ನದಿಯ ಕಡೆಗೆ ನಿಧಾನವಾಗಿ ಸರಿಯುತ್ತಿದ್ದವು.

ಅಪಾಯ ಎಷ್ಟು ಎಂದು ಅಳೆಯುವವರು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ವಿಷ ಎಲ್ಲಿ ಕೂತಿದೆ? ಅಲ್ಲಿಂದ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಬರುತ್ತದೆ? ದಾರಿಯ ಕೊನೆಯಲ್ಲಿ ಕುಡಿಯುವವರು ಯಾರು? ರಿವರ್ಟನ್‌ನಲ್ಲೂ ನಿಗಾ ಬಾವಿಗಳನ್ನು ಕೊರೆದು ಇವಕ್ಕೆ ಉತ್ತರ ಹುಡುಕಿದರು. ನೀರಿನ ವೇಗ, ಮಣ್ಣು ಯುರೇನಿಯಂ ಅನ್ನು ಎಷ್ಟು ಹಿಡಿದುಕೊಳ್ಳುತ್ತದೆ, ಎಷ್ಟು ಬಿಡುತ್ತದೆ, ಎಲ್ಲವನ್ನೂ ಲೆಕ್ಕ ಹಾಕಿದರು. ಹರಿಯುವ ಅಂತರ್ಜಲವೇ ನೆಲವನ್ನು ತೊಳೆದು ನದಿಗೆ ಸೇರಿಸುತ್ತದೆ, ನದಿಯಲ್ಲಿ ಅದು ತೆಳುವಾಗುತ್ತದೆ, 100 ವರ್ಷದೊಳಗೆ ನೀರು ಸರಿಹೋಗುತ್ತದೆ ಎಂಬುದು ಲೆಕ್ಕದ ಉತ್ತರ. 1998ರಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಅಲ್ಲಿಯವರೆಗೆ ಆ ಜಾಗದಲ್ಲಿ ಯಾರೂ ಬಾವಿ ತೋಡುವಂತಿಲ್ಲ. ಜನರಿಗೆ ಬೇರೆ ಕಡೆಯಿಂದ ಕೊಳವೆಯಲ್ಲಿ ನೀರು.

ನೂರು ವರ್ಷ! ಇಂದು ತೊಟ್ಟಿಲಲ್ಲಿರುವ ಮಗುವಿನ ಮೊಮ್ಮಕ್ಕಳ ಕಾಲಕ್ಕೆ ನೀರು ಸರಿಹೋಗುತ್ತದೆ ಎಂದ ಹಾಗೆ. ಹೋಗಲಿ, ಅದನ್ನೂ ಒಪ್ಪಿಕೊಳ್ಳೋಣ.

2010ರಲ್ಲಿ ಲಿಟಲ್ ವಿಂಡ್ ನದಿಗೆ ನೆರೆ ಬಂತು. ಹೊಳೆನೀರು ಆ ತಗ್ಗಿನ ಮೇಲೆಲ್ಲ ಹರಡಿ ಇಳಿಯಿತು. ಆಮೇಲೆ ನಿಗಾ ಬಾವಿಗಳ ನೀರು ತೆಗೆದು ನೋಡಿದರೆ, ಇಳಿಯುತ್ತಿದ್ದ ಯುರೇನಿಯಂ ಕೆಲವು ಬಾವಿಗಳಲ್ಲಿ ಒಮ್ಮೆಲೇ ಮೇಲೇರಿತ್ತು. ಲೆಕ್ಕದಲ್ಲಿ ಇಲ್ಲದ ಸಂಗತಿ ಇದು.

ಹೇಗಾಯಿತು? ನಮ್ಮ ಹಾಲಿನ ಕ್ಯಾನಿನಿಂದಲೇ ಹೇಳುತ್ತೇನೆ. ಕ್ಯಾನಿಗೆ ತಣ್ಣೀರು ಹಾಕಿ ಕುಲುಕಿದರೆ ಮೊದಲ ನೀರು ಬೆಳ್ಳಗೆ, ಎರಡನೆಯದು ತಿಳಿ, ಮೂರನೆಯದು ಪೂರಾ ತಿಳಿ. ಮೂರನೆಯ ನೀರು ನೋಡಿ ಕ್ಯಾನು ಶುದ್ಧ ಅನ್ನುವ ಹೆಂಗಸು ನಮ್ಮಲ್ಲಿ ಯಾರೂ ಇಲ್ಲ. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಜಿಡ್ಡು ಕೂತಿರುತ್ತದೆ, ಬಿಸಿನೀರು ಬಿದ್ದಾಗ ಅದು ಮತ್ತೆ ಬಿಡುತ್ತದೆ. ರಿವರ್ಟನ್‌ನ ನೆಲದಲ್ಲೂ ಹಾಗೆಯೇ. ಅಂತರ್ಜಲದ ಮಟ್ಟಕ್ಕಿಂತ ಮೇಲಿನ ಮೆಕ್ಕಲು ಮಣ್ಣಿನಲ್ಲಿ ನೀರು ಆರಿ ಆರಿ ಉಪ್ಪಿನ ಜೊತೆ ಯುರೇನಿಯಂ ಕಟ್ಟಿಕೊಂಡಿತ್ತು. ಎಲೆಕಸ ಕೊಳೆತ ಕರಿ ಮಣ್ಣಿನ ಪದರಗಳೂ ಅದನ್ನು ಹಿಡಿದಿಟ್ಟುಕೊಂಡಿದ್ದವು. ಗಾಳಿಯ ಅಂಶ ಇಲ್ಲದ ಕಡೆ ಯುರೇನಿಯಂ ಕರಗದೆ ಮಣ್ಣಿಗೆ ಅಂಟಿ ಕೂರುತ್ತದೆ. ಗಾಳಿ ಬೆರೆತ ನೀರು ಬಂದರೆ ಕರಗಿ ಹೊರಡುತ್ತದೆ. ನೆರೆ ಮಾಡಿದ್ದು ಆ ಕೆಲಸ. ಮಾಮೂಲಿ ದಿನಗಳ ಮಾಮೂಲಿ ನೀರನ್ನು ಅಳೆದವರಿಗೆ ಸಂದಿಯ ಜಿಡ್ಡು ಕಾಣಿಸಿರಲಿಲ್ಲ.

ಆಮೇಲೆ ಮತ್ತೆ ಕೊರೆದರು, ಮಣ್ಣಿನ ಪದರಗಳನ್ನು ತೆಗೆದು ನೋಡಿದರು. ನೂರು ವರ್ಷದ ಮಾತನ್ನೇ ಮತ್ತೆ ತೂಗಿ ನೋಡಬೇಕಾಯಿತು. ಬುಡಕಟ್ಟುಗಳು ತಮ್ಮದೇ ಪರಿಸರ ಆಯೋಗ ಇಟ್ಟುಕೊಂಡು ಆ ನೀರಿನ ಮೇಲೆ ಕಣ್ಣಿಟ್ಟಿವೆ. ನನಗೆ ಬಹಳ ಹಿಡಿಸಿದ ಸಂಗತಿ ಇದು. ಮೊದಲು ಲೆಕ್ಕ ಹಾಕಿದ ವಿಜ್ಞಾನಿಗಳು ಮೋಸಗಾರರೇನಲ್ಲ. ಅಂದು ತಿಳಿದದ್ದನ್ನು ಇಟ್ಟುಕೊಂಡು ಲೆಕ್ಕ ಹಾಕಿದರು. ಆದರೆ ಲೆಕ್ಕ ಮುಗಿದ ಮೇಲೂ ಬಾವಿಗೆ ಬಕೆಟ್ ಇಳಿಸುತ್ತಲೇ ಇದ್ದರು ನೋಡಿ, ಅದರಿಂದ ವಿಷಯ ಹೊರಬಿತ್ತು. ಅಳೆಯುವುದನ್ನು ನಿಲ್ಲಿಸಿದ್ದರೆ ಕಾಗದದ ಮೇಲೆ ಎಲ್ಲವೂ ಸುಸೂತ್ರವಾಗಿಯೇ ಇರುತ್ತಿತ್ತು.

ರಿವರ್ಟನ್ ಒಂದೇ ಅಲ್ಲ. ಯೂಟಾ ರಾಜ್ಯದ ಮೋಆಬ್‌ನಲ್ಲಿ ಕೊಲರಾಡೋ ನದಿಯ ದಡದಲ್ಲೇ 1.6 ಕೋಟಿ ಟನ್ ಕಸ ಬಿದ್ದಿತ್ತು. 2009ರಿಂದ ಅದನ್ನು ರೈಲಿನಲ್ಲಿ ತುಂಬಿ ಸುಮಾರು 48 ಕಿ.ಮೀ. ದೂರಕ್ಕೆ ಸಾಗಿಸುವ ಕೆಲಸ ಹಿಡಿದರು, ವರ್ಷಗಟ್ಟಲೆ ಸಾಗಿಸಿದರು. ನ್ಯೂ ಮೆಕ್ಸಿಕೋದ ಶಿಪ್‌ರಾಕ್‌ನಲ್ಲಿ ಕಸವನ್ನು ಸಾಗಿಸದೆ ಅಲ್ಲೇ ಕಲ್ಲುಮಣ್ಣು ಮುಚ್ಚಿ, ಕೆಟ್ಟ ಅಂತರ್ಜಲವನ್ನು ಪಂಪಿನಲ್ಲಿ ಎತ್ತಿ ಹೊಂಡದಲ್ಲಿ ಆರಿಸುವ ದಾರಿ ಹಿಡಿದರು. ಒಂದೊಂದು ನೆಲಕ್ಕೆ ಒಂದೊಂದು ಉಪಾಯ.

ಜಾನುವಾರು ಸಾಕುವ ನಮಗೆ ಹೆಚ್ಚು ತಟ್ಟುವುದು ಚರ್ಚ್‌ರಾಕ್‌ನ ಕಥೆ. ಅದೂ ನ್ಯೂ ಮೆಕ್ಸಿಕೋದಲ್ಲಿ, ನವಾಹೋ ಜನರ ಸೀಮೆಯಲ್ಲಿ. ಆ ಜನರಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ, ಕುರಿಮಂದೆ ಹೆಚ್ಚಾಗಿ ಹೆಂಗಸರದು. 1979ರ ಜುಲೈ 16ರಂದು ಬೆಳಿಗ್ಗೆ ಅಲ್ಲಿನ ಸಂಸ್ಕರಣಾ ಘಟಕದ ಕಸದ ಹೊಂಡದ ಕಟ್ಟೆ ಒಡೆಯಿತು. ಸುಮಾರು 35 ಕೋಟಿ ಲೀಟರ್ ಆಮ್ಲದ ನೀರು, ಜೊತೆಗೆ ಸಾವಿರ ಟನ್ ಕಸ, ಪುಯೆರ್ಕೋ ನದಿಗೆ ನುಗ್ಗಿತು. ಮಂದೆ ನೀರು ಕುಡಿಯುತ್ತಿದ್ದ ಹೊಳೆ ಅದು. ಆಮೇಲೆ ಕುರಿ ದನಗಳನ್ನು ಪರೀಕ್ಷಿಸಿ ನೋಡಿದಾಗ ವಿಕಿರಣ ವಸ್ತುಗಳು ಮಾಂಸಕ್ಕಿಂತ ಹೆಚ್ಚಾಗಿ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳಲ್ಲಿ ಕೂತಿದ್ದವು.

ಆ ಸೀಮೆಯಲ್ಲಿ ಇನ್ನೊಂದು ವಿಷಯವಿದೆ. ಎಷ್ಟೋ ಮನೆಗಳಿಗೆ ನಲ್ಲಿ ಇಲ್ಲ. ದನಕುರಿಗಳಿಗೆಂದು ಗಾಳಿಯಂತ್ರ ಕಟ್ಟಿ ತೋಡಿಸಿದ ಬಾವಿಗಳಿಂದ ಜನರೇ ನೀರು ಹೊತ್ತು ಕುಡಿಯುತ್ತಿದ್ದರು. ಪರೀಕ್ಷೆ ಮಾಡಿದಾಗ ಅಂಥ ಇಪ್ಪತ್ತಕ್ಕೂ ಹೆಚ್ಚು ನೀರಿನ ಮೂಲಗಳಲ್ಲಿ ಯುರೇನಿಯಂನಂಥವು ಮಿತಿ ಮೀರಿದ್ದವು. ಅದುವರೆಗೆ ಅವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಯಾಕೆಂದರೆ ಕಾಗದದಲ್ಲಿ ಅದು ದನದ ನೀರು. ಮನುಷ್ಯರ ನೀರು ಬೇರೆ ಇಲಾಖೆ, ದನದ ನೀರು ಯಾರದ್ದೂ ಅಲ್ಲ. ನಮ್ಮ ಕೊಟ್ಟಿಗೆಯ ತೊಟ್ಟಿಯ ಗತಿಯೂ ಹೆಚ್ಚು ಬೇರೆಯಲ್ಲ.

ಈಗ ನಮ್ಮ ಕಡೆಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯುರೇನಿಯಂ ಘಟಕ ಯಾವತ್ತೂ ಇರಲಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕಿದೆ, ಅಲ್ಲಿನವರ ಚಿಂತೆ ಅಲ್ಲಿನವರಿಗಿದೆ. ನಮ್ಮದು ಕಾರ್ಖಾನೆ ತಂದ ವಿಷವಲ್ಲ, ನಮ್ಮ ಕಾಲ ಕೆಳಗಿನ ಬಂಡೆಯದು. ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಯುರೇನಿಯಂ ಸ್ವಲ್ಪ ಇದ್ದೇ ಇರುತ್ತದೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಸಾವಿರ ಅಡಿ ದಾಟಿ ಕೊರೆದಾಗ ಆ ಕಲ್ಲಿನ ಸಂದಿಯಲ್ಲಿ ವರ್ಷಾನುಗಟ್ಟಲೆ ಕೂತ ನೀರು ಮೇಲೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರ ಅಧ್ಯಯನವೊಂದು 2021ರಲ್ಲಿ ಹೊರಬಂತು. ರಾಜ್ಯದ ಪೂರ್ವ ಭಾಗದ 73 ಹಳ್ಳಿಗಳ ನೀರು ನೋಡಿದ್ದಾರೆ. 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಆ 30. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹೇಳಿದ್ದು 60. ಅದನ್ನೂ 48 ಹಳ್ಳಿಗಳು ದಾಟಿದ್ದವು.

ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಈ ಮಟ್ಟದ ಯುರೇನಿಯಂ ನೀರಿನಲ್ಲಿದ್ದರೆ ಮುಖ್ಯ ತೊಂದರೆ ವಿಕಿರಣದ್ದಲ್ಲ. ಅದು ಸೀಸದಂತೆ ಒಂದು ಭಾರದ ಲೋಹ, ದೀರ್ಘಕಾಲ ಕುಡಿದರೆ ಮೂತ್ರಪಿಂಡಕ್ಕೆ ಕೆಡುಕು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗುವುದರಿಂದ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಮತ್ತೆ ಹಾಲು? ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಅದೇ. ಹಸು ಕುಡಿದ ಯುರೇನಿಯಂನ ಬಹುಪಾಲು ಅದರ ಕರುಳು ಹೀರಿಕೊಳ್ಳುವುದೇ ಇಲ್ಲ, ಸಗಣಿಯಲ್ಲಿ ಹೊರಹೋಗುತ್ತದೆ. ದಿನಕ್ಕೆ ಅದರ ಹೊಟ್ಟೆಗೆ ಹೋದದ್ದರಲ್ಲಿ ಒಂದು ಲೀಟರ್ ಹಾಲಿಗೆ ಬರುವುದು ಸಾವಿರದಲ್ಲಿ ಎರಡು ಪಾಲಿನಷ್ಟು. ಅಂದರೆ ಅದೇ ಬೋರಿನ ನೀರನ್ನು ನೇರವಾಗಿ ಕುಡಿಯುವ ನಮಗೆ ಆಗುವುದಕ್ಕಿಂತ ಹಾಲು ಕುಡಿಯುವವರಿಗೆ ಆಗುವುದು ಬಹಳ ಕಡಿಮೆ. ಹಸು ನಮ್ಮ ಪಾಲಿಗೆ ಒಂದು ಜರಡಿ. (ಹಾಲಿಗೆ ನೀರು ಬೆರೆಸುವವರ ಮಾತು ಬೇರೆ. ಆ ಜರಡಿಯನ್ನು ಅವರೇ ಹರಿದುಹಾಕುತ್ತಾರೆ.)

ಆದರೂ ಕೊಟ್ಟಿಗೆಗೆ ಸೇರಿದ ಎರಡು ವಿಷಯಗಳಲ್ಲಿ ನಮ್ಮ ಕೈಯೇ ಇದೆ.

ಮೊದಲನೆಯದು ಶುದ್ಧ ನೀರಿನ ಘಟಕದಿಂದ ಹೊರಬರುವ ಉಪ್ಪುನೀರು. ಐದು ರೂಪಾಯಿ ಹಾಕಿ ಕ್ಯಾನ್ ತುಂಬಿಸುತ್ತೇವಲ್ಲ, ಆ ಆರ್.ಒ. ಯಂತ್ರ ಯುರೇನಿಯಂ, ಫ್ಲೋರೈಡ್ ಎರಡನ್ನೂ ತೆಗೆಯುತ್ತದೆ, ಒಳ್ಳೆಯದೇ. ತೆಗೆದದ್ದು ಎಲ್ಲಿ ಹೋಯಿತು? ಹಿಂದಿನ ಕೊಳವೆಯಲ್ಲಿ ಹೊರಬರುವ ನೀರಿಗೆ. ಅರ್ಧ ನೀರು ಶುದ್ಧವಾಗಿ ಅರ್ಧ ಹೊರಗೆ ಹೋದರೆ, ಹೊರಗೆ ಹೋದ ನೀರಿನಲ್ಲಿ ಕೆಟ್ಟದ್ದು ಹೆಚ್ಚುಕಡಿಮೆ ಎರಡರಷ್ಟು. ಕೆನಡಾದಲ್ಲಿ ದನಗಳು ಕುಡಿಯುವ ನೀರಿಗೆಂದೇ ಒಂದು ಮಿತಿ ಇದೆ, ಲೀಟರಿಗೆ 200 ಮೈಕ್ರೋಗ್ರಾಂ. ಬೋರಿನಲ್ಲಿ 100 ಇದ್ದರೆ ಯಂತ್ರದ ಹಿಂದಿನ ನೀರು ಆ 200ಕ್ಕೆ ಮುಟ್ಟಿಬಿಡುತ್ತದೆ. ನೀರು ಪೋಲಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಕೆಲವೆಡೆ ಅದನ್ನು ದನದ ತೊಟ್ಟಿಗೆ ಬಿಡುತ್ತಾರೆ. ಮನುಷ್ಯರಿಗೆ ಬೇಡವೆಂದು ತೆಗೆದದ್ದನ್ನು ಎರಡು ಪಟ್ಟು ಮಾಡಿ ಹಾಲು ಕೊಡುವ ಹಸುವಿಗೆ ಕುಡಿಸುವುದು ಯಾವ ಲೆಕ್ಕ? ಅದನ್ನು ನಿಲ್ಲಿಸಬೇಕು. ಪರೀಕ್ಷಾ ವರದಿಗೆ ಕಾಯುವುದೂ ಬೇಡ.

ಎರಡನೆಯದು ತಿಪ್ಪೆ. ಅಮೆರಿಕದ ಎರಡು ದೊಡ್ಡ ಕೃಷಿ ಸೀಮೆಗಳ ಅಂತರ್ಜಲದ ಲೆಕ್ಕವನ್ನು ನೆಬ್ರಾಸ್ಕ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ನೈಟ್ರೇಟ್ ಹೆಚ್ಚಿರುವ ಕಡೆ ಯುರೇನಿಯಂ ಕೂಡ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ರಿವರ್ಟನ್‌ನಲ್ಲಿ ಗಾಳಿ ಬೆರೆತ ನೆರೆನೀರು ಮಾಡಿದ ಕೆಲಸವನ್ನು ಇಲ್ಲಿ ನೈಟ್ರೇಟ್ ಮಾಡುತ್ತದೆ, ಅಂಟಿ ಕೂತದ್ದನ್ನು ಕರಗಿಸಿ ನೀರಿಗೆ ಬಿಡುತ್ತದೆ. ನೈಟ್ರೇಟ್ ಎಲ್ಲಿಂದ? ಯೂರಿಯಾದಿಂದ, ಮತ್ತು ಸಗಣಿ ಗಂಜಲದಿಂದ. ಬೋರಿನ ಪಕ್ಕದಲ್ಲೇ ತಿಪ್ಪೆ, ಕೊಟ್ಟಿಗೆಯ ಗಂಜಲ ಹರಿದು ನಿಲ್ಲುವುದು ಕೇಸಿಂಗ್ ಪೈಪಿನ ಬುಡದಲ್ಲಿ. ಇದು ಎಷ್ಟು ಮನೆಗಳ ಚಿತ್ರ ಎಂದು ನೀವೇ ಎಣಿಸಿ. ತಿಪ್ಪೆಯನ್ನು ದೂರ ಸರಿಸಿ, ಗಂಜಲಕ್ಕೆ ಗುಂಡಿ ಮಾಡಿಸಿ, ಬೋರಿನ ಬುಡಕ್ಕೆ ಕಾಂಕ್ರೀಟ್ ಕಟ್ಟೆ ಹಾಕಿಸಿದರೆ ಕಲ್ಲಿನ ಯುರೇನಿಯಂ ಹೋಗುವುದಿಲ್ಲ, ನಿಜ. ಕರಗಿಸಲು ನಾವು ಕೈಜೋಡಿಸುವುದಾದರೂ ತಪ್ಪುತ್ತದೆ. ನೈಟ್ರೇಟ್ ಹಸುವಿಗೂ ಕೈಗೂಸಿಗೂ ತಾನಾಗಿಯೇ ಕೆಟ್ಟದ್ದು, ಹಾಗಾಗಿ ಈ ಖರ್ಚು ದಂಡವಲ್ಲ.

ನೀರು ಪರೀಕ್ಷೆ ಆಗುತ್ತಿಲ್ಲವೇ, ಜಲಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ತರಬೇತಿ ಕೊಟ್ಟು ಕಿಟ್ ಕೊಟ್ಟಿದ್ದಾರಲ್ಲ ಎಂದು ಕೇಳುವವರಿದ್ದಾರೆ. ಕಿಟ್ ಒಳ್ಳೆಯದು, ಅದನ್ನು ಬಳಸಿ. ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಯುರೇನಿಯಂ ಮಾತ್ರ ಅದರಲ್ಲಿ ಇಲ್ಲ. ಅದಕ್ಕೆ ಫ್ಲೋರಿಮೀಟರ್‌ನಂಥ ಯಂತ್ರವಿರುವ ಪ್ರಯೋಗಾಲಯವೇ ಬೇಕು. "ನೀರು ಪರೀಕ್ಷೆ ಆಗಿದೆ, ಎಲ್ಲ ಸರಿ ಇದೆ" ಎಂದು ಯಾರಾದರೂ ಹೇಳಿದರೆ ಯಾವುದಕ್ಕೆ ಪರೀಕ್ಷೆ ಆಗಿದೆ ಎಂದು ಮರುಪ್ರಶ್ನೆ ಹಾಕಿ. ಫ್ಯಾಟ್ ನೋಡಿದ ಮಾತ್ರಕ್ಕೆ ಯೂರಿಯಾ ನೋಡಿದ ಹಾಗಾಗುವುದಿಲ್ಲ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ನೀರಿನಲ್ಲಿ ಯುರೇನಿಯಂ ಅಂತ ನಾವೇ ಬರೆದುಕೊಂಡರೆ ನಮ್ಮ ಹಾಲಿನ ಹೆಸರು ಕೆಡುವುದಿಲ್ಲವೇ, ರೇಟು ಬಿದ್ದರೆ ಯಾರು ಕೊಡುತ್ತಾರೆ ಎಂದು ಕೆಲವು ಹಿರಿಯ ಸದಸ್ಯೆಯರು ಕೇಳುತ್ತಾರೆ. ಬಟವಾಡೆಯಲ್ಲೇ ಮನೆ ನಡೆಸುವವರ ಭಯ ಅದು, ತಳ್ಳಿಹಾಕುವಂಥದ್ದಲ್ಲ. ಆದರೆ ಲೆಕ್ಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ ನಾಳೆ ಯಾರೋ ಒಂದು ಬಾಟಲಿ ನೀರು ತೋರಿಸಿ ಟಿ.ವಿ.ಯಲ್ಲಿ ಏನು ಹೇಳಿದರೂ ಉತ್ತರ ಕೊಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ನೀರಿನ ವರದಿ, ಹಾಲಿನ ವರದಿ ಎರಡನ್ನೂ ಜೊತೆಗಿಟ್ಟರೆ, ನೀರಿಗಿಂತ ಹಾಲಿನಲ್ಲಿ ಎಷ್ಟು ಕಡಿಮೆ ಎಂದು ನಾವೇ ತೋರಿಸಬಹುದು. ಮುಚ್ಚಿಟ್ಟು ಹೆಸರು ಉಳಿಸಿಕೊಂಡ ಊರನ್ನು ನಾನು ಕಂಡಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪ್ರತಿ ಸಂಘದಲ್ಲಿ ಹಾಲಿನ ರಿಜಿಸ್ಟರ್ ಪಕ್ಕದಲ್ಲಿ ನೀರಿನ ರಿಜಿಸ್ಟರ್ ಇರಲಿ. ಯಾರ ಬೋರ್, ಎಷ್ಟು ಅಡಿ, ಯಾವ ದಿನದ ನೀರು, ಯುರೇನಿಯಂ ಎಷ್ಟು, ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು. ಎಲ್ಲರ ಬೋರೂ ಒಂದೇ ವರ್ಷದಲ್ಲಿ ಆಗದು. ಊರಿನ ನಾಲ್ಕು ದಿಕ್ಕಿಗೆ ಒಂದೊಂದು, ಶುದ್ಧ ನೀರಿನ ಘಟಕದ ಬೋರ್ ಒಂದು, ಶಾಲೆಯದೊಂದು ಎಂದು ಶುರುಮಾಡಬಹುದು. ಕಿಟ್ಟಿನಲ್ಲಿ ನೈಟ್ರೇಟ್ ಹೆಚ್ಚು ತೋರಿಸಿದ ಬೋರುಗಳಿಗೆ ಮೊದಲ ಸರದಿ. ಬೇಸಿಗೆಯ ಕೊನೆಗೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ. ಹೊಸದಾಗಿ ಕೊರೆಸಿದಾಗ, ಇನ್ನೂ ಆಳಕ್ಕೆ ಇಳಿಸಿದಾಗ, ಕೆರೆ ತುಂಬಿ ಬಾವಿಯ ಮಟ್ಟ ಏರಿದಾಗ ಮತ್ತೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿದೆ, ಸುತ್ತಲಿನ ಬೋರುಗಳಲ್ಲಿ ನೀರು ಮೇಲೆ ಬಂದಿದೆ ಎಂದು ಸಂತೋಷಪಡುವವರಲ್ಲಿ ನಾನೂ ಒಬ್ಬಳು. ಒಣಗಿದ್ದ ಪದರಕ್ಕೆ ಹೊಸ ನೀರು ಹೊಕ್ಕಾಗ ಯುರೇನಿಯಂ ತೆಳುವಾಗಲೂಬಹುದು, ರಿವರ್ಟನ್‌ನಂತೆ ಏರಲೂಬಹುದು. ಯಾವುದು ಎಂದು ತಿಳಿಯಲು ಮೊದಲಿನ ಅಂಕಿಯೂ ಬೇಕು, ಈಗಿನದೂ ಬೇಕು. ಕೆರೆ ಇನ್ನೂ ತುಂಬದ ಊರುಗಳು ಈಗಲೇ ಒಂದು ಅಂಕಿ ಬರೆದಿಟ್ಟುಕೊಳ್ಳುವುದು ಜಾಣತನ.

ಖರ್ಚನ್ನು ಸಂಘ, ಒಕ್ಕೂಟ ಮತ್ತು ಗ್ರಾಮ ಪಂಚಾಯಿತಿ ಹಂಚಿಕೊಳ್ಳಲಿ. ಪ್ರಯೋಗಾಲಯ ಹುಡುಕುವುದು, ಬಾಟಲಿಗಳನ್ನು ಒಟ್ಟಿಗೆ ಸಾಗಿಸುವುದು ಒಕ್ಕೂಟದ ಕೆಲಸವಾಗಲಿ. ಹಾಲಿನ ಮಾದರಿ ಸಾಗಿಸುವ ವ್ಯವಸ್ಥೆ ಇರುವವರಿಗೆ ನೀರಿನ ಬಾಟಲಿ ಭಾರವಲ್ಲ. ವರದಿ ಬಂದ ದಿನ ಅದು ಕಾರ್ಯದರ್ಶಿಯ ಬೀರುವಿಗೆ ಹೋಗಬಾರದು, ಬಟವಾಡೆ ಪಟ್ಟಿ ಅಂಟಿಸುವ ಗೋಡೆಗೆ ಬರಬೇಕು, ಕನ್ನಡದಲ್ಲಿ, ಮಿತಿ ಎಷ್ಟು ನಮ್ಮದು ಎಷ್ಟು ಎಂದು ಪಕ್ಕಪಕ್ಕ ಬರೆದು.

ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರ್‌ನೊಳಗೆ ನಡೆಯುತ್ತವೆ. ವಿಷಯ ಪಟ್ಟಿಗೆ ಸೇರಿಸಿ ಎಂದು ಮೊದಲೇ ಬರವಣಿಗೆಯಲ್ಲಿ ಕೊಡಬೇಕು. ಸಭೆಯ ದಿನ ಬಾಯಲ್ಲಿ ಹೇಳಿದರೆ "ಮುಂದಿನ ಸಲ ನೋಡೋಣಮ್ಮ" ಎಂದು ಊಟಕ್ಕೆ ಏಳಿಸಿಬಿಡುತ್ತಾರೆ. ನಾಲ್ಕಾರು ಸದಸ್ಯೆಯರು ಸೇರಿ ಸಹಿ ಹಾಕಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸಂಘದ ಮುದ್ರೆ ಹಾಕಿಸಿಕೊಳ್ಳಿ. ಮಾದರಿ ತೆಗೆಯುವಾಗ ಪಂಪನ್ನು ಐದಾರು ನಿಮಿಷ ಬಿಟ್ಟು, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ತುಂಬಿ, ಮೇಲೆ ಬೋರಿನ ಹೆಸರು, ತಾರೀಖು ಬರೆಯಿರಿ. ಯುರೇನಿಯಂ ನೋಡಬೇಕು ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಗಡಸುತನ ನೋಡಿ ಕಳಿಸುತ್ತಾರೆ.